ಚರಗಕ್ಕೆ ಬರಲಾ, ಮಿಸ್?

ಸಂಜೆ ಆರು ಗಂಟೆ ನನಗೆ ಯಾವತ್ತಿಗೂ ಕಷ್ಟದ ಹೊತ್ತು. ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಅದು ಸ್ಟಡಿ ಬೆಲ್ ಹೊಡೆಯುವ ಹೊತ್ತು. ಸರಿಯಾಗಿ ಆಗಲೇ ಮನೆಯ ನೆನಪಾಗುತ್ತಿತ್ತು. ಸಿಸ್ಟರ್ ಡೆಸ್ಕುಗಳ ನಡುವೆ ಓಡಾಡುತ್ತ, "ನೋ ಲಾಂಗ್ ಫೇಸಸ್, ಗರ್ಲ್ಸ್" ಅನ್ನುತ್ತಿದ್ದರು. ಮದುವೆಯಾದ ಮೇಲೆ ಅದೇ ಹೊತ್ತಿಗೆ ನಮ್ಮ ಯಜಮಾನರು ಮನೆಗೆ ಬರುತ್ತಿದ್ದರು. ದನದ ಡಾಕ್ಟರು ಅವರು. ಅವರಿಗಿಂತ ಮೊದಲು ಅವರ ಬೂಟಿಗೆ ಹತ್ತಿದ ಸಗಣಿಯ ವಾಸನೆ ಒಳಗೆ ಬರುತ್ತಿತ್ತು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಟ್ರಾನ್ಸ್‌ಫರ್ ಆದಲ್ಲೆಲ್ಲ ನಾನೂ ಅಲ್ಲಲ್ಲಿಯ ಹೈಸ್ಕೂಲು ಹುಡುಕಿಕೊಂಡು ಇಂಗ್ಲಿಷ್ ಕಲಿಸಿದೆ. ಕೊನೆಗೆ ಸಿಂದಗಿಗೆ ಬಂದೆವು, ಇಲ್ಲಿಯೇ ರಿಟೈರ್ ಆದೆವು. ಮಕ್ಕಳಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ ಈ ಬಾಡಿಗೆ ಮನೆಯಲ್ಲಿ ಆ ಒಂದು ತಾಸು ದಾಟಿಸುವುದೇ ದೊಡ್ಡ ಕೆಲಸವಾಯಿತು. ಟಿ.ವಿ. ಹಚ್ಚುತ್ತಿದ್ದೆ, ಆರಿಸುತ್ತಿದ್ದೆ. ಗೇಟಿನ ತನಕ ಹೋಗಿ ಬರುತ್ತಿದ್ದೆ. ಲೋನ್ಲಿ ಅನ್ನುವ ಮಾತಿಗೆ ನಮ್ಮ ಕಡೆಯ ಆಡುಮಾತಿನಲ್ಲಿ ಸರಿಯಾದ ಶಬ್ದ ಇಲ್ಲ ಅಂತ ನನ್ನ ಅನಿಸಿಕೆ. 'ಬ್ಯಾಸರಾ' ಅನ್ನುತ್ತಾರೆ. ಅದು ಬೇರೆ.

ಆ ಹೊತ್ತಿಗೆ ನನ್ನ ಮನೆಗೆ ಬಂದು ಕೂರತೊಡಗಿದವರು ಚೇರ್ಮನ್ನರು.

ಚೇರ್ಮನ್ನರು ಅಂದರೆ ಸಿಂದಗಿಯಲ್ಲಿ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಹರೆಯದಲ್ಲಿ ಪಿಗ್ಮಿ ಏಜೆಂಟರಾಗಿದ್ದವರು. ಸೈಕಲ್ಲಿಗೆ ಚೀಲ ತೂಗುಹಾಕಿಕೊಂಡು ಬಳೆಯಂಗಡಿ, ಚಹಾದಂಗಡಿ, ಕಟಿಂಗ್ ಶಾಪು ಅಂತ ದಿನಾ ಸಂಜೆ ಚಿಲ್ಲರೆ ಹಣ ಕೂಡಿಸಿ ಬ್ಯಾಂಕಿಗೆ ಕಟ್ಟುತ್ತಿದ್ದರು. ಆಮೇಲೆ ತಮ್ಮದೇ ಒಂದು ಸಹಕಾರಿ ಸಂಘ ಮಾಡಿದರು. ಅದು ಬೆಳೆದು ಇಂಡಿಯಲ್ಲಿ, ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ಬ್ರಾಂಚ್ ಆದವು, ನಾಲತವಾಡದಲ್ಲೂ ಒಂದು ಕೌಂಟರ್ ಆಯಿತು. ಸಿಂದಗಿಯ ಹೆಡ್ ಆಫೀಸು ಪೂರಾ ಗಾಜಿನದು. ಬಿಸಿಲಿಗೆ ಅದರ ಕಡೆ ನೋಡಲಾಗುತ್ತಿರಲಿಲ್ಲ. ಕಾಲುವೆಗೆ ಹೊಲ ಕಳೆದುಕೊಂಡವರ ಪರಿಹಾರದ ಹಣ, ಮಾಸ್ತರುಗಳ ರಿಟೈರ್‌ಮೆಂಟಿನ ಹಣ, ಲಿಂಬೆ ಮಾರಿದ ಹಣ, ಎಲ್ಲ ಅಲ್ಲಿಗೇ. ಸರ್ಕಾರಿ ಬ್ಯಾಂಕಿಗಿಂತ ಬಡ್ಡಿ ಜಾಸ್ತಿ ಅನ್ನುವುದು ಒಂದು ಕಾರಣ. ಅಲ್ಲಿ ಕೌಂಟರಿನವರು ಎದ್ದು ನಿಂತು "ಬರ್ರಿ, ಕುಂದರ್ರಿ, ನೀರ್ ಕುಡೀರಿ" ಅನ್ನುತ್ತಿದ್ದುದು ಇನ್ನೂ ದೊಡ್ಡ ಕಾರಣ. ನನ್ನದೂ ಸ್ವಲ್ಪ ಅಲ್ಲಿತ್ತು.

ಅವರು ಮೊದಲ ಸಲ ಬಂದದ್ದು ಕಾರಿನಲ್ಲಿ. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು. ನನಗೋ ಗಾಬರಿ.

"ಮಿಸ್, ನನಗ ಇಂಗ್ಲಿಷ್ ಕಲಸ್ರಿ" ಅಂದರು.

"ನಿಮಗ್ಯಾಕ್ರಿ ಇಂಗ್ಲಿಷು? ನಿಮ್ಮ ಆಫೀಸಿನಲ್ಲಿ ಎಂಬಿಎ ಮಾಡಿದವರು ಅಷ್ಟು ಮಂದಿ ಇದ್ದಾರೆ."

"ಅದಕ್ಕರಿ. ಬೆಂಗಳೂರಾಗ ಮೀಟಿಂಗ್ ನಡದಾಗ ನಮ್ಮ ಹುಡುಗ್ರು ಆ ಸಾಹೇಬರ ಜೋಡಿ ನಗ್ತಾರ. ಯಾಕ್ ನಗ್ತಾರ ನನಗ ತಿಳೀವಲ್ದು. ನಾನೂ ನಗ್ತೇನಿ. ನಕ್ಕು ಸೈನ್ ಮಾಡ್ತೇನಿ."

ಅವರು ತಮಾಷೆಗೆ ಹೇಳಿದ್ದೋ ನಿಜವಾಗಿ ಹೇಳಿದ್ದೋ, ಆ ಮಾತು ಮುಂದೆ ಬಹಳ ಸಲ ನನ್ನ ತಲೆಯಲ್ಲಿ ಸುಳಿದಾಡಿದೆ.

ಎರಡನೆಯ ದಿನದಿಂದ ನಡೆದುಕೊಂಡೇ ಬಂದರು. ಅವರ ಹೆಂಡತಿ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಬಂದವರು ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ ಕೂರುವರು. ಕೋಟಿಗಟ್ಟಲೆ ವ್ಯವಹಾರದ ಮನುಷ್ಯ ನನ್ನ ಮುಂದೆ ಹತ್ತು ವರ್ಷದ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ, "ಯೆಸ್ಟರ್ಡೇ ಐ ವೆಂಟ್ ಟು ಇಂಡಿ" ಅನ್ನುವುದನ್ನು ಕೇಳಿದರೆ ನಗು ಬರುತ್ತಿತ್ತು, ಮತ್ತೆ ಎಲ್ಲೋ ಒಂದು ಕಡೆ ಖುಷಿಯೂ ಆಗುತ್ತಿತ್ತು. ಗ್ರಾಮರ್ ಅರ್ಧ ತಾಸು. ಉಳಿದ ಅರ್ಧ ತಾಸು ಮಾತು. ಕಡಲೆಯ ಧಾರಣೆ, ಅವರ ಮಂಡಿನೋವು, ನನ್ನ ಬಿ.ಪಿ., ನಮ್ಮ ಯಜಮಾನರು ಒಮ್ಮೆ ಅವರ ಎಮ್ಮೆಯ ಕರುವನ್ನು ಹೊರಗೆಳೆದುಕೊಟ್ಟದ್ದು. ಒಂದು ಸಂಜೆ ಹೆಂಡತಿಯ ಕೊನೆಯ ದಿನಗಳ ಬಗ್ಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆಂದು ಹಟ ಹಿಡಿದರು. ತಡವರಿಸುತ್ತ, ಶಬ್ದ ಸಿಗದ ಕಡೆ ನನ್ನ ಮುಖ ನೋಡುತ್ತ, ಪೂರ್ತಿ ಹೇಳಿ ಮುಗಿಸಿದರು.

"ಇಂಗ್ಲಿಷಿನಾಗ ಹೇಳಿದ್ರ ಅಷ್ಟ್ ನೋಯೂದಿಲ್ಲ ನೋಡ್ರಿ ಮಿಸ್" ಅಂದರು.

ನನಗೆ ಅದು ಗೊತ್ತಿತ್ತು. ಬೋರ್ಡಿಂಗಿನಲ್ಲಿ ನಾನು ಕಲಿತದ್ದೂ ಅದನ್ನೇ.

ಅವರಿಂದ ನನಗೆ ಇನ್ನೊಂದು ಸಿಕ್ಕಿತು. ನಮಗೆ ಹೊಲವಿರಲಿಲ್ಲ. ಹೊಲವಿಲ್ಲದವರಿಗೆ ಈ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಎಷ್ಟು ಒಂಟಿ ಅನ್ನುವುದು ಬೇರೆ ಕಡೆಯವರಿಗೆ ತಿಳಿಯಲಿಕ್ಕಿಲ್ಲ. ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳ ತೆನೆ ಹಿಡಿದಿರುತ್ತದೆ, ಕಡಲೆ ಗಿಡ ಹೂವಾಡುತ್ತಿರುತ್ತದೆ. ಭೂಮಿತಾಯಿ ಬಸುರಿ ಅಂತ ಲೆಕ್ಕ. ಬಸುರಿಯ ಬಯಕೆಯ ಊಟ ಅಂತ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ ಎಣ್ಣಿಗಾಯಿ ಎಲ್ಲ ಒಯ್ದು, ಎಲ್ಲದರಲ್ಲೂ ಒಂದಿಷ್ಟು ಕಲಸಿ, ಬುಟ್ಟಿಯಲ್ಲಿ ಹಾಕಿಕೊಂಡು ಮನೆಯ ಹಿರಿಯ ಗಂಡಸು ಹೊಲದ ಸುತ್ತ ಚೆಲ್ಲುತ್ತ ಹೋಗುತ್ತಾನೆ. ಅದೇ ಚರಗ. ಮುಂದಿನವನು "ಹುಲ್ಲುಲ್ಲಿಗೋ" ಅಂತ ಕೂಗಿ ಚೆಲ್ಲಿದರೆ, ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವವನು "ಚಳ್ಳಂಬರಿಗೋ" ಅಂತ ಓಗೊಡಬೇಕು. ಆಮೇಲೆ ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ಊರೊಳಗೆ ಉಳಿದವರು ಮಾತ್ರ ಖಾಲಿ ರಸ್ತೆ ನೋಡುತ್ತ ಕೂರಬೇಕು. ಪಾಠ ಶುರುವಾದ ವರ್ಷವೇ ಚೇರ್ಮನ್ನರು, "ಮಿಸ್, ನೀವು ನಮ್ಮ ಹೊಲಕ್ಕ ಬರಬೇಕು" ಅಂದರು. ದೇವರ ಹಿಪ್ಪರಗಿ ರಸ್ತೆಯಲ್ಲಿ ಅವರ ಹಿರಿಯರ ಹೊಲ. ಬೇಸಾಯ ಮಾಡುವುದು ಅವರ ತಮ್ಮ. ಆದರೆ ಚರಗ ಚೆಲ್ಲುವುದು ಹಿರೇಮಗ ಅಂತ ಚೇರ್ಮನ್ನರೇ. ಬ್ರಾಂಚುಗಳ ನೌಕರರು, ಠೇವಣಿದಾರರು, ಲೀಡರುಗಳು ಎಲ್ಲ ಬರುತ್ತಿದ್ದರು, ಜಾತ್ರೆಯ ಹಾಗೆ. ನನಗೆ ಮಾತ್ರ ಬೇವಿನ ಮರದ ಬುಡಕ್ಕೆ ಒಂದು ಕುರ್ಚಿ ಹಾಕಿಸುತ್ತಿದ್ದರು. ಆ ದಿನ ನಾನೂ ಯಾರದೋ ಮನೆಯವಳಾಗಿರುತ್ತಿದ್ದೆ.

ಕಳೆದ ಬಾರಿಯ ದೀಪಾವಳಿ ಮುಗಿದ ಮೇಲೆ ಒಂದು ಬೆಳಗ್ಗೆ ಗಾಜಿನ ಕಟ್ಟಡದ ಶಟರ್ ಏಳಲಿಲ್ಲ. ಬಾಗಿಲಿಗೆ, 'ಸಿಸ್ಟಮ್ ಅಪ್‌ಡೇಟ್ ನಡೆದಿದೆ, ಸಹಕರಿಸಿ' ಅಂತ ಚೀಟಿ ಅಂಟಿಸಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಫೋನುಗಳು: ಅಲ್ಲಿಯೂ ಅದೇ ಚೀಟಿ. ಸಂಜೆಗೆ ರಸ್ತೆ ತುಂಬ ಜನ. ಠೇವಣಿಯ ಹಣವನ್ನು ಎಲ್ಲೋ ಪುಣೆಯ ಕಡೆ ಪ್ಲಾಟುಗಳಿಗೆ ಹಾಕಿದ್ದಾರೆ, ಮಂದಿಯ ಹಣ ನುಂಗಿ ನೀರು ಕುಡಿದಿದ್ದಾರೆ, ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಕೇಸ್ ಆಯಿತು. ಚೇರ್ಮನ್ನರು ಮಾತ್ರ ಇಲ್ಲ.

ಅವತ್ತು ನಾನು ಆರು ಗಂಟೆಗೆ ಬಾಗಿಲು ತೆರೆದೇ ಕೂತಿದ್ದೆ. ಹುಚ್ಚು. ಆದರೆ ಹಿಂದಿನ ದಿನ ಅವರು ಏಳುವಾಗ "ಸೀ ಯೂ ಟುಮಾರೋ, ಮಿಸ್" ಅಂದಿದ್ದರು. ನಾನೇ ಕಲಿಸಿದ ಮಾತು.

ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಒಬ್ಬ ಹೆಣ್ಣುಮಗಳಿದ್ದಾಳೆ. ನನ್ನ ಗೋಡೆಗೆ ಹತ್ತಿದ ಗೋಡೆ ಅವಳದು. ಮುಳವಾಡದ ಕಡೆಯವಳು. ಅವಳ ಗಂಡನ ಪಾಲಿನ ಹೊಲ ಕಾಲುವೆಗೆ ಹೋಯಿತು, ಗಂಡನೂ ಹೋದ. ಪರಿಹಾರದ ಹಣವನ್ನೆಲ್ಲ ಚೇರ್ಮನ್ನರ ಸಂಘದಲ್ಲಿ ಇಟ್ಟಿದ್ದಳು. ಸಿಂದಗಿಯಲ್ಲಿ ಒಂದು ಸಣ್ಣ ಜಾಗ ಕೊಂಡು, ತನ್ನದೇ ಒಲೆ ಹಾಕಿ, ರೊಟ್ಟಿ ಕೇಂದ್ರದ ಬೋರ್ಡು ಬರೆಸಬೇಕು ಅನ್ನುವುದು ಅವಳ ಆಸೆ. ಬೋರ್ಡಿನ ಬಣ್ಣ ಯಾವುದಿರಬೇಕು ಅಂತ ನನ್ನ ಹತ್ತಿರ ಎಷ್ಟೋ ಸಲ ಚರ್ಚೆ ಮಾಡಿದ್ದಳು. ಈಗ ನನ್ನ ಕಟ್ಟೆಯ ಮೇಲೆ ಬಂದು ಕೂತು ಬಯ್ಯುತ್ತಿದ್ದಳು.

"ಅಂವ ನಿಮ್ಮ ಮನ್ಯಾಗ ದಿನಾ ಬಂದ್ ಕುಂದರ್ತಿದ್ದ. ಒಂದ್ ಮಾತರೆ ಬಾಯಿ ಬಿಟ್ಟಿದ್ನೇನ್ರಿ ಅಕ್ಕಾರ?"

"ಇಲ್ಲವಾ. ಬರೇ ಇಂಗ್ಲಿಷು."

"ಹಾಂ, ಇಂಗ್ಲಿಷಿನಾಗ ಓಡಿಹೋಗ್ಯಾನ." ಅವಳೇ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಒಲಿ ಹೊತ್ಕೊಂಡ್ ಹೋಗ್ಯಾನ್ರಿ ಅಂವ."

ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದು ವಿಚಾರಿಸಿಕೊಂಡು ಹೋದರು. ಎಳೆಯ ವಯಸ್ಸು, ನಮ್ಮ ಸೀಮೆಯವರೇ, ಬಹಳ ಪೊಲೈಟ್.

"ಏನ್ ಕಲಿಸ್ತಿದ್ರಿ ಮೇಡಂ ಅವ್ರಿಗೆ?"

"ಪಾಸ್ಟ್ ಟೆನ್ಸ್ ಮುಗಿದಿತ್ತು."

"ಫ್ಯೂಚರ್ ಕಲಿಸೂದ್ರಾಗ ಹೋಗಿಬಿಟ್ರಲ್ರಿ." ಮೀಸೆಯಲ್ಲೇ ನಕ್ಕು, ಏನಾದರೂ ತಿಳಿದರೆ ಹೇಳಿರಿ ಅಂತ ನಂಬರ್ ಕೊಟ್ಟು ಹೋದರು. ಆಗ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಜನ ಲುಕ್‌ಔಟ್ ನೋಟಿಸು, ಏರ್‌ಪೋರ್ಟು ಅಂತ ಪೇಪರಿನಲ್ಲಿ ಓದುತ್ತಿದ್ದರು. ನಂಬುತ್ತಿದ್ದುದು ಮಾತ್ರ ಒಂದನ್ನೇ: ಎಳ್ಳ ಅಮಾವಾಸ್ಯೆಗೆ ಬಂದೇ ಬರುತ್ತಾನೆ.

"ಬುದ್ಧಿ ಇದ್ದವರು ಬರ್ತಾರೇನು? ಪೊಲೀಸರು ಕಾದು ಕೂತಿರುತ್ತಾರೆ" ಅಂದೆ ರೊಟ್ಟಿಯವಳಿಗೆ.

"ಬರ್ತಾನ್ರಿ. ಅವನ ತಮ್ಮ ನಾ ಚರಗಾ ಚೆಲ್ಲೂದಿಲ್ಲ ಅಂದ್ಬಿಟ್ಟಾನಂತ. ಹಿರೇಮಗ ಜೀವಂತ ಇರಾಕ ನಾ ಚೆಲ್ಲಿದ್ರ ಅವ್ನ ಸಾಲಾ ಎಲ್ಲಾ ನನ್ನ ಕೊರಳಿಗೆ ಬೀಳ್ತೈತಿ ಅಂತಾನಂತ. ಇನ್ನ ಹೊಲಾ ಬಯಕಿ ಇಲ್ಲದ ಉಳೀತೈತಿ. ಬ್ಯಾಂಕ್ ಮುಳುಗಿಸ್ಯಾನ ಖರೆ, ಹೊಲಾ ಉಪವಾಸ ಕೆಡವೂವಷ್ಟ ಕೆಟ್ಟಿಲ್ಲಂವ."

ಯಾವ ಫೈನಾನ್ಸಿನ ಪುಸ್ತಕದಲ್ಲೂ ಇಲ್ಲದ ಲೆಕ್ಕ. ಅಷ್ಟು ಹಣ ದಾಟಿಸಿದ್ದಾನೆ ಅಂತ ಬಯ್ಯುವವರೇ ಅವನು ತನ್ನ ಹೊಲಕ್ಕೆ ಮೋಸ ಮಾಡಲಿಕ್ಕಿಲ್ಲ ಅಂತ ಭರವಸೆ ಇಟ್ಟಿದ್ದರು. ನಾನು ಮನಸ್ಸಿನಲ್ಲೇ, ಹೌ ನೈವ್, ಎಷ್ಟು ಮುಗ್ಧರು, ಅಂದುಕೊಂಡೆ.

ಅಮಾವಾಸ್ಯೆ ಇನ್ನು ನಾಲ್ಕಾರು ದಿನವಿದೆ ಅನ್ನುವಾಗ, ಸಂಜೆ ಆರಕ್ಕೆ ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ಗುಡ್ ಈವ್ನಿಂಗ್, ಮಿಸ್."

ಚೇರ್ಮನ್ನರ ದನಿ. ಖುಷಿಯಾಯಿತು. ಅದನ್ನು ಬರೆಯದೆ ಹೋದರೆ ಈ ಬರಹಕ್ಕೆ ಅರ್ಥವೇ ಇಲ್ಲ. ಸಿಟ್ಟು ಆಮೇಲೆ ಬಂತು, ಮೊದಲು ಖುಷಿಯೇ ಆಯಿತು.

"ಎಲ್ಲಿದ್ದೀರಿ?"

"ಅದನ್ನ ಕೇಳಬ್ಯಾಡ್ರಿ. ಗೊತ್ತಿದ್ರ ನಿಮಗ ತ್ರಾಸ. ಆರಾಮ ಅದೀರೇನು? ಬಿ.ಪಿ. ಗುಳಗಿ ತಗೋತೀರಿಲ್ಲೋ?"

"ಜನರ ಹಣ ಎಲ್ಲಿ ಹಾಕಿದ್ದೀರಿ?" ಅಂದೆ. ನನ್ನ ಟೀಚರ್ ದನಿ ಬಂದಿತ್ತು. "ನೀವು ತಿಂದಿರೋ ಇಲ್ಲವೋ, ಅಷ್ಟು ಹೇಳ್ರಿ."

"ಎಲ್ಲೆಲ್ಲೋ ಹಾಕೇನ್ರಿ. ಬರ್ತೈತಿ ಅಂತ ಮಾಡಿದ್ದೆ, ಬರ್ಲಿಲ್ಲ. ಕೆಲವೊಂದು ನಾ ಮಾಡಿದ್ದು, ಕೆಲವೊಂದು ನನಗೂ ತಿಳೀವಲ್ದು. ಫೋನಿನಾಗ ಹೇಳೂವಂಥಾದ್ದಲ್ಲ ಮಿಸ್."

"ಹಾಗಾದರೆ ಬಂದು ಹೇಳ್ರಿ."

"ಅದನ್ನ ಕೇಳಾಕ ಫೋನ್ ಮಾಡೇನಿ. ಚರಗಕ್ಕೆ ಬರಲಾ, ಮಿಸ್? ತಮ್ಮ ಚೆಲ್ಲೂದಿಲ್ಲ ಅಂದಾನ. ಬಸುರಿ ಕುಂತಾಳ ಅಲ್ಲಿ. ನಿದ್ದಿ ಬರವಲ್ದು ನನಗ. ನೀವು ಬಾ ಅಂದ್ರ ಬರ್ತೇನಿ. ಬ್ಯಾಡ ಅಂದ್ರ ಇಲ್ಲೇ ಇರ್ತೇನಿ. ದಿನಾ ಆರಕ್ಕ ಫೋನ್ ಹಚ್ತೇನಿ, ಪಾಠ ನಡದಂಗ ನಡೀಲಿ. ವಕೀಲ್ರು ಏನೋ ಮಾಡಾಕತ್ತಾರ, ಹಂಗ ಒಂದಿಷ್ಟ್ ದಿನಾ ದಾಟ್ತಾವು."

ದಿನಾ ಆರಕ್ಕೆ. ಅವರು ಅದನ್ನು ಲಂಚದ ಹಾಗೆ ಹೇಳಲಿಲ್ಲ. ಅವರಿಗೂ ಆ ಹೊತ್ತು ಕಷ್ಟವೇ ಇದ್ದಿರಬೇಕು. ಬೇಡ ಅನ್ನುವುದು ಎಷ್ಟು ಸುಲಭ. ಎರಡು ಅಕ್ಷರ. ಬೇಡ ಅಂದರೆ ನಾಳೆಯೂ ಫೋನು ಬರುತ್ತದೆ, ನಾಡಿದ್ದೂ ಬರುತ್ತದೆ, ನನ್ನ ಬಿ.ಪಿ. ಗುಳಿಗೆಯ ಬಗ್ಗೆ ಈ ಭೂಮಿಯ ಮೇಲೆ ಕೇಳುವ ಒಬ್ಬರು ಇರುತ್ತಾರೆ. ಬಾ ಅಂದರೆ ಪೊಲೀಸರು ಹಿಡಿದು ಒಯ್ಯುತ್ತಾರೆ, ಅಲ್ಲಿಗೆ ಮುಗಿಯಿತು.

ಗೋಡೆಯಾಚೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನನ್ನ ಕೋಣೆಯೊಳಗೇ ಇದ್ದ ಹಾಗೆ ಕೇಳಿಸುತ್ತಿತ್ತು. ಸಂಜೆಯ ರೊಟ್ಟಿ ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಹೋಗುತ್ತದೆ. ಅವಳ ಆಸೆಯ ಒಲೆ ಎಲ್ಲಿದೆ ಅಂತ ಹೇಳಬಲ್ಲ ಒಬ್ಬನೇ ಮನುಷ್ಯ ಈಗ ನನ್ನ ಕಿವಿಯಲ್ಲಿ ಉಸಿರಾಡುತ್ತಿದ್ದ.

"ಪೊಲೀಸರು ಇರ್ತಾರೆ" ಅಂದೆ. "ಜನ ಇರ್ತಾರೆ. ಬಯ್ತಾರೆ, ಹೊಡೆದರೂ ಹೊಡೀತಾರೆ. ಎಲ್ಲ ಗೊತ್ತಿದ್ದು ಹೇಳ್ತಾ ಇದ್ದೇನೆ. ಬರ್ರಿ."

"ಆತ್ರಿ" ಅಂದರು. ಅಷ್ಟೇ. ಗುಡ್ ನೈಟ್ ಅನ್ನಲಿಲ್ಲ.

ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದೆ, ನಂಬರನ್ನೂ ಕೊಟ್ಟೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಾವು ಹೆಂಗೂ ಹೊಲದಾಗ ಇರೂವ್ರಿದ್ದೇವ್ರಿ ಮೇಡಂ. ನಮ್ಮ ಸಾಹೇಬ್ರ ಹೇಳ್ಯಾರ, ಅಮಾಸಿಗಿ ಬರ್ತಾನಂತ" ಅಂದರು. ಅವರ ಡಿಪಾರ್ಟ್‌ಮೆಂಟೂ ರೊಟ್ಟಿಯವಳ ಲೆಕ್ಕವನ್ನೇ ನಂಬಿತ್ತು. ನೈವ್ ಯಾರು ಅಂತ ಯೋಚಿಸುತ್ತ ಫೋನ್ ಇಟ್ಟೆ.

ಚೇರ್ಮನ್ನರ ತಮ್ಮನ ಹೆಂಡತಿ ಹಿಂದಿನ ವರ್ಷಗಳ ಹಾಗೆಯೇ ನನ್ನನ್ನು ಕರೆದಳು. "ಯಾರ್ ಬರ್ಲಿ ಬಿಡ್ಲಿ, ನೀವು ತಪ್ಪಸಬ್ಯಾಡ್ರಿ ಅಕ್ಕಾರ. ಅಡಗಿ ವರ್ಷದಂಗ ಮಾಡೇನಿ. ಚರಗದ ಅಡಗಿ ಕಮ್ಮಿ ಮಾಡಬಾರದ್ರಿ." ಟಂಟಂ ರಿಕ್ಷಾ ಹತ್ತಿ ಹೊರಟೆ, ಪಕ್ಕದಲ್ಲಿ ರೊಟ್ಟಿಯವಳು, ತಲೆಯ ಮೇಲೆ ಸೆರಗು, ಮುಖ ಗಟ್ಟಿ. "ನಾ ಉಣ್ಣಾಕ ಬರಾಕತ್ತಿಲ್ಲ. ಅವ್ನ ಮಾರಿ ನೋಡಾಕ ಬರಾಕತ್ತೇನಿ" ಅಂತ ಹಾದಿಯುದ್ದಕ್ಕೂ ಹೇಳಿದಳು. ಫೋನು ಬಂದ ಸಂಗತಿ ನಾನು ಅವಳಿಗೆ ಹೇಳಲಿಲ್ಲ.

ಹೊಲದಲ್ಲಿ ಜನವೋ ಜನ. ಆದರೆ ಯಾರೂ ಕೂತಿರಲಿಲ್ಲ. ಬದುವಿನ ಮೇಲೆ ಸಾಲಾಗಿ ನಿಂತಿದ್ದರು: ಮುದ್ದೇಬಿಹಾಳದವರು, ಬಾಗೇವಾಡಿಯವರು, ಹಿಂದಿನ ವರ್ಷಗಳಲ್ಲಿ ಇದೇ ಮರದ ಕೆಳಗೆ ಹೋಳಿಗೆ ಮೇಲೆ ತುಪ್ಪ ಕೇಳಿ ಹಾಕಿಸಿಕೊಂಡವರು. ಬೇವಿನ ಮರದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದ್ದರು. ಬುಟ್ಟಿಗಳ ಮೇಲಿನ ಬಟ್ಟೆ ತೆಗೆದಿರಲಿಲ್ಲ. ತಮ್ಮ ದೂರ ನಿಂತು ಜೋಳದ ಎಲೆ ಹರಿಯುತ್ತಿದ್ದ. ಮಫ್ತಿಯಲ್ಲಿದ್ದ ಪೊಲೀಸರು ಯಾರೆಂದು ಎಲ್ಲರಿಗೂ ಗೊತ್ತಿತ್ತು; ಅವರ ಬೂಟುಗಳು ಮಾತ್ರ ಹೊಳೆಯುತ್ತಿದ್ದವು.

ಚೇರ್ಮನ್ನರು ರಸ್ತೆಯ ಕಡೆಯಿಂದ ಬರಲಿಲ್ಲ. ಹಿಂದಿನ ತೊಗರಿ ಸಾಲುಗಳ ನಡುವಿನಿಂದ, ತಲೆಗೆ ಟವೆಲ್ ಸುತ್ತಿಕೊಂಡು, ಧೋತರ ಮೊಣಕಾಲ ತನಕ ಎತ್ತಿ ಕಟ್ಟಿ, ಯಾರೋ ಆಳುಮಗನ ಹಾಗೆ ನಡೆದು ಬಂದರು. ಸೊರಗಿದ್ದರು. ಮರದ ಹತ್ತಿರ ಬಂದು ಟವೆಲ್ ಬಿಚ್ಚಿದ ಮೇಲೆಯೇ ಜನ ಹೋ ಅಂದದ್ದು. ಒಂದಿಬ್ಬರು ನುಗ್ಗಿದರು. ಇನ್‌ಸ್ಪೆಕ್ಟರು ಎರಡೂ ಕೈ ಅಡ್ಡ ಹಿಡಿದು, "ಚರಗಾ ಆಗಲಿ. ಮೊದಲ ಚರಗಾ ಆಗಲಿ" ಅಂದರು. ನುಗ್ಗಿದವರು ಅದನ್ನು ಒಪ್ಪಿ ನಿಂತರು. ಹಿಡಿದು ಒಯ್ಯುವುದೂ ಕಾಯಿತು, ಹೊಡೆಯುವುದೂ ಕಾಯಿತು. ಬಸುರಿಯ ಊಟದ ನಡುವೆ ಯಾರೂ ಕೈಹಾಕಲಿಲ್ಲ.

ತಮ್ಮನ ಹೆಂಡತಿ ಕಲಸಿದ ಬುಟ್ಟಿ ಅವರ ಕೈಗೆ ಕೊಟ್ಟಳು. ತಂಬಿಗೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಅವರು ತಮ್ಮನ ಕಡೆ ನೋಡಿದರು. ತಮ್ಮ ಮುಖ ತಿರುಗಿಸಿದ. ಸ್ವಲ್ಪ ಹೊತ್ತು ಕಾದು, ಬುಟ್ಟಿಯನ್ನು ಎಡಗೈಯ ಸಂದಿಗೆ ಅವುಚಿಕೊಂಡು, ಅದೇ ಕೈಯಲ್ಲಿ ತಂಬಿಗೆಯನ್ನೂ ಹಿಡಿದು ಹೊರಟರು.

"ಹುಲ್ಲುಲ್ಲಿಗೋ!"

ಹೊಲ ಸುಮ್ಮನಿತ್ತು. ಅವರೇ ಬುಟ್ಟಿಯನ್ನು ನೆಲಕ್ಕಿಟ್ಟು, ತಂಬಿಗೆಯಿಂದ ನೀರು ಚಿಮುಕಿಸಿ, ಸಣ್ಣ ದನಿಯಲ್ಲಿ ಅಂದರು: "ಚಳ್ಳಂಬರಿಗೋ." ಮತ್ತೆ ಎತ್ತಿಕೊಂಡು ನಾಲ್ಕು ಹೆಜ್ಜೆ. ಮತ್ತೆ ತಾವೇ ಕೂಗಿ, ತಾವೇ ಓಗೊಟ್ಟು. ದೊಡ್ಡ ಹೊಲ ಅದು. ಬದುವಿನ ಮೇಲೆ ಜನ ಅವರ ಜೋಡಿಯೇ ನಡೆದರು, ಮಾತಿನಿಂದ ಚುಚ್ಚುತ್ತ.

"ಏ ಚೇರ್ಮನ್ನರ, ಭೂಮ್ತಾಯಿ ಕಡಿಂದನೂ ಎಫ್.ಡಿ. ಮಾಡಿಸ್ಕೋತೀರೇನ್ರಿ?"

"ಆಕಿ ಬಡ್ಡಿ ಸಮೇತ ತಿರುಗಿ ಕೊಡ್ತಾಳಪಾ, ಇವ್ರಂಗಲ್ಲ."

"ಸಿಸ್ಟಮ್ ಅಪ್‌ಡೇಟ್ ಆತೇನ್ರಿ?"

ಅವರು ಯಾರ ಕಡೆಗೂ ನೋಡಲಿಲ್ಲ. ಮೂಲೆ ತಿರುಗುವಲ್ಲಿ ಉಸಿರು ಸಾಲದೆ ಅವರ ದನಿ ಒಡೆಯಿತು. ಆಗ ಆ ಕಡೆಯ ಬದುವಿನಿಂದ ಯಾರೋ ವಯಸ್ಸಾದ ಗಂಡಸು, ಕಾಲುವೆ ಪರಿಹಾರದ ಹಣ ಕಳೆದುಕೊಂಡವನೇ ಇರಬೇಕು, ರೂಢಿಯ ಮೇಲೆ ಗಟ್ಟಿಯಾಗಿ "ಚಳ್ಳಂಬರಿಗೋ" ಅಂದುಬಿಟ್ಟ. ಪಕ್ಕದವರು ಅವನನ್ನು ತಿವಿದರು. "ಏ ಮುದುಕಾ, ಯಾರ ಕಡಿ ಅದೀಯೋ ನೀ?" "ಬಾಯಿಗಿ ಬಂತೋ ಯಪ್ಪಾ, ಏನ್ ಮಾಡ್ಲಿ" ಅಂದ ಅವನು. ಜನ ನಕ್ಕರು. ಆ ನಗುವಿನ ನಡುವೆ ಅವರೊಬ್ಬರೇ ಜೋಳದ ಸಾಲಿನ ಆಚೆ ಕೂಗುತ್ತ ಹೋಗುತ್ತಿದ್ದುದು ನನಗೆ ಕುರ್ಚಿಯ ಮೇಲಿಂದ ಕಾಣುತ್ತಿತ್ತು. ಒಮ್ಮೆ ತಲೆ ಕಾಣುವುದು, ಒಮ್ಮೆ ಬರೀ ತೆನೆ. ಎದ್ದು ಹೋಗಿ ತಂಬಿಗೆ ಹಿಡಿಯಬೇಕು ಅನಿಸಿತು. ಆದರೆ ರೊಟ್ಟಿಯವಳು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅವಳನ್ನು ದಾಟಿ ಹೋಗಲು ನನ್ನಿಂದ ಆಗಲಿಲ್ಲ.

ಸುತ್ತು ಮುಗಿಸಿ ಬಂದು ಖಾಲಿ ಬುಟ್ಟಿಯನ್ನು ಕಲ್ಲುಗಳ ಮುಂದೆ ಇಟ್ಟು ಕೈಮುಗಿದರು. ರೊಟ್ಟಿಯವಳು ಸೀದಾ ಹೋಗಿ ಅವರ ಮುಂದೆ ನಿಂತಳು.

"ನನ್ನ ರೊಕ್ಕ ಎಲ್ಲಿ ಐತಿ? ಅದೊಂದ್ ಹೇಳಿ ಹೋಗ್ರಿ."

"ಎಲ್ಲಾ ಕೋರ್ಟಿನಾಗ ಹೇಳ್ತೇನಿ ತಂಗಿ. ಬರದು ಕೊಡ್ತೇನಿ. ಏನೇನ್ ಗೊತ್ತೈತಿ ಅದೆಲ್ಲಾ."

"ತಂಗಿ ಅನಬ್ಯಾಡ್ರಿ ನನಗ."

"ಆತು."

ಅಷ್ಟಾಯಿತು. ಇನ್‌ಸ್ಪೆಕ್ಟರು ಅವರ ತೋಳು ಹಿಡಿದರು. ತಮ್ಮನ ಹೆಂಡತಿ ಓಡಿ ಬಂದು ಒಂದು ಹೋಳಿಗೆಯನ್ನು ಅವರ ಕೈಗೆ ಕೊಟ್ಟಳು, ಇನ್‌ಸ್ಪೆಕ್ಟರ ಕೈಗೂ ಒಂದು. ಜೀಪಿನ ತನಕ ಇಬ್ಬರೂ ಹೋಳಿಗೆ ಹಿಡಿದುಕೊಂಡೇ ನಡೆದರು. ಚೇರ್ಮನ್ನರು ನನ್ನ ಕುರ್ಚಿಯ ಮುಂದೆಯೇ ಹಾದುಹೋದರು. ಕಣ್ಣೆತ್ತಲಿಲ್ಲ.

ಜೀಪು ಹೋದ ಮೇಲೆ ಜನಕ್ಕೆ ಏನು ಮಾಡಬೇಕೆಂದು ತೋಚಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ತಮ್ಮನ ಹೆಂಡತಿ ಯಾರನ್ನೂ ಕರೆಯದೆ ಬುಟ್ಟಿಗಳ ಬಟ್ಟೆ ತೆಗೆದಳು. ಚರಗದ ದಿನ ಹೊಲದಿಂದ ಉಪವಾಸ ಹೋಗಬಾರದು ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬೊಬ್ಬರಾಗಿ ಕೂತರು, ಹೆಚ್ಚು ಮಾತಿಲ್ಲದೆ ಉಂಡರು. ರೊಟ್ಟಿಯವಳು ಕೊನೆಯಲ್ಲಿ ಕೂತು ಒಂದು ತುಣುಕು ಮುರಿದು ಬಾಯಿಗಿಟ್ಟು, "ರೊಟ್ಟಿ ಇನ್ನೊಂದ್ ಚೂರು ತೆಳ್ಳಗ ಬಡೀಬೇಕಿತ್ತು" ಅಂದಳು. ಆಮೇಲೆ ತಿನ್ನುತ್ತಲೇ ಅತ್ತಳು.

ಅವರು ಬಂದದ್ದು ಭೂಮಿತಾಯಿಯ ಭಯಕ್ಕೆ ಅಂತ ಊರೆಲ್ಲ ಹೇಳಿತು. ಅವರು ನನ್ನನ್ನು ಕೇಳಿ ಬಂದರು ಅನ್ನುವುದು ಇನ್‌ಸ್ಪೆಕ್ಟರಿಗೆ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದರೆ ಹೊಗಳುತ್ತಿದ್ದರೇನೋ. ಹೊಗಳಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಸಂಜೆಗಳು ಮತ್ತೆ ಮೊದಲಿನ ಹಾಗಾದವು, ಅಲ್ಲ, ಮೊದಲಿಗಿಂತ ಉದ್ದವಾದವು. ಮೊದಲು ಯಾರೂ ಬರುವವರಿರಲಿಲ್ಲ. ಈಗ ಬರಬಹುದಾಗಿದ್ದ ಒಂದು ಫೋನನ್ನು ನಾನೇ ಬೇಡವೆಂದಿದ್ದೆ. ಕೋರ್ಟಿನಲ್ಲಿ ಅವರು ಬರೆದುಕೊಟ್ಟರಂತೆ. ಅದರ ಮೇಲೆ ಕೆಲವು ಪ್ಲಾಟುಗಳನ್ನು ಮುಟ್ಟುಗೋಲು ಹಾಕಿಕೊಂಡರಂತೆ. 'ಅಂತೆ'ಗಳ ಆಚೆಗೆ ನನಗೆ ಏನೂ ಗೊತ್ತಿಲ್ಲ. ಅವರು ಕಳ್ಳರೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ರೊಟ್ಟಿಯವಳಿಗೆ ಇನ್ನೂ ಏನೂ ಬಂದಿಲ್ಲ. ಬರಬಹುದು ಅಂತ ಅವಳ ವಕೀಲರು ಹೇಳಿದ್ದಾರೆ.

ಮಳೆಗಾಲದ ಹೊತ್ತಿಗೆ ಚೇರ್ಮನ್ನರಿಗೆ ಜಾಮೀನು ಸಿಕ್ಕಿತು. ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ಸಹಿ ಮಾಡಬೇಕು ಅಂತ ಷರತ್ತು. ಸ್ಟೇಷನ್ನಿಗೆ ನಮ್ಮ ಓಣಿಯೇ ಹಾದಿ. ಮೊದಮೊದಲು ನಾನು ಪರದೆಯ ಹಿಂದೆ ನಿಂತು ನೋಡಿದೆ. ಕಾರಿಲ್ಲ, ಜೊತೆಗೆ ಯಾರೂ ಇಲ್ಲ. ಕೈಯಲ್ಲಿ ಕೊಡೆ, ಕಾಲು ಸ್ವಲ್ಪ ಎಳೆಯುತ್ತಿದ್ದರು. ನನ್ನ ಗೇಟು ಬಂದಾಗ ಅವರ ಕತ್ತು ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಕೆಲವು ವಾರ ಹೀಗೇ ಆಯಿತು. ಕಡೆಗೊಮ್ಮೆ ತಡೆಯಲಾಗದೆ ನಾನೇ ಗೇಟಿನ ಹೊರಗೆ ಹೋಗಿ ನಿಂತೆ.

ನಿಂತರು. "ಮಿಸ್" ಅಂದರು.

"ಹೇಗಿದ್ದೀರಿ?"

"ಹಿಂಗ ಅದೇನ್ರಿ."

"ಒಳಗೆ ಬರ್ರಿ. ಒಂದು ಗಳಿಗೆ ಕೂತು ಹೋಗ್ರಿ."

"ಬ್ಯಾಡ್ರಿ. ಮಂದಿ ನಿಮಗ ಅಂತಾರ."

"ಅನ್ನಲಿ ಬಿಡ್ರಿ. ಈ ವಯಸ್ಸಿನಲ್ಲಿ ನನಗೇನು?"

ಅವರು ಕೊಡೆಯ ತುದಿಯಿಂದ ಕೆಸರಿನಲ್ಲಿ ಗೆರೆ ಎಳೆಯುತ್ತ ನಿಂತರು. ಹತ್ತಿರದಿಂದ ನೋಡಿದರೆ ಬಹಳ ಮುದುಕರಾಗಿದ್ದರು.

"ಒಂದ್ ಮಾತ್ ಹೇಳ್ಲ್ಯಾ ಮಿಸ್? ಸಿಟ್ಟಿಲ್ಲ, ಖರೇನ ಸಿಟ್ಟಿಲ್ಲ. ಅವತ್ತ ನೀವು ಬ್ಯಾಡ ಅಂತೀರಿ ಅಂತ ಮಾಡಿದ್ದೆ. ಅದಕ್ಕ ನಿಮಗ ಫೋನ್ ಹಚ್ಚಿದ್ದು. ಬ್ಯಾರೆ ಯಾರನ್ನ ಕೇಳಿದ್ರೂ ಬಾ ಅಂತಿದ್ರು."

ನನಗೂ ಬೇಡ ಅನ್ನಬೇಕು ಅನಿಸಿತ್ತು, ಗಂಟಲ ತನಕ ಅದೇ ಬಂದಿತ್ತು, ಅಂತ ಹೇಳಬಹುದಿತ್ತು. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ, ಇಂಗ್ಲಿಷಿನಲ್ಲಿ ಹೇಳಿದರೆ ನೋಯದ ಮಾತಾಗಿಬಿಡುತ್ತಿತ್ತು.  

ಆಗ ಪಕ್ಕದ ಬಾಗಿಲಿನಿಂದ ರೊಟ್ಟಿಯವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಬಯ್ಯಲಿಲ್ಲ. ಅವರು ಅವಳಿಗೆ ಕೈಮುಗಿದು, ನನಗೂ ಮುಗಿದು, ಕೊಡೆ ಬಿಚ್ಚಿಕೊಂಡು ಸ್ಟೇಷನ್ನಿನ ಕಡೆ ನಡೆದರು.

"ಅಕ್ಕಾರ, ಇವತ್ತ ರೊಟ್ಟಿ ಎಷ್ಟ್ ಕೊಡ್ಲಿ?" ಅಂದಳು.

ದಿನದಷ್ಟೇ ಸಾಕು ಅಂದೆ.